ಕ್ಯಾಪ್ಟನ್ನರ ಹೆಸರಿನ ಕೆಳಗಿನ ಸಾಲು

ನಿನ್ನೆಯಿಂದ ನನ್ನ ಕಾರಿನೊಳಗೆ ಹೊಸ ಫ್ಲೆಕ್ಸಿನ ವಾಸನೆ. ಕೊಲ್ಲಿ ನಾಡಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮದ ಬ್ಯಾನರನ್ನು ಶುವೈಖ್‌ನ ಅಂಗಡಿಯಿಂದ ತಂದು ಹಿಂದಿನ ಸೀಟಿನ ಮೇಲೆ ಅಡ್ಡ ಹಾಕಿದ್ದೇನೆ. ಬಿಸಿಲಿಗೆ ಅದು ಬೆಂದು, ಎಸಿ ಹಾಕಿದರೂ ಹೋಗದ ಘಾಟು ಬಿಡುತ್ತಿದೆ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಇಟ್ ಸ್ಟಿಂಕ್ಸ್" ಎನ್ನುತ್ತಾಳೆ. ನನಗೋ ನಗು. ಇಂಥದೇ ಒಂದು ಬ್ಯಾನರು ಒಬ್ಬ ಪೈಲಟ್‌ನನ್ನು ನೆಲದ ಮೇಲೇ ಕೂರಿಸಿದ ಸಂಗತಿ ಕೇಳಿದರೆ ನೀವೂ ನಗುತ್ತೀರಿ. ಕೊನೆಯವರೆಗೂ ನಗುತ್ತೀರಿ ಅಂತ ಭರವಸೆ ಕೊಡಲಾರೆ.

ನಾನು ಸಂಘದ ಕಾಯಂ ನಿರೂಪಕಿ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತ ಹಮಾಲನ ಮಗಳು, ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ನೋಡಿದ ಮೊದಲಿಗಳು. ಬಿ.ಕಾಂ. ನೀವು ಕೇಳಲಿಲ್ಲ, ಗೊತ್ತು. ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮೈದಾನ್ ಹವಲ್ಲಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಬೇರೆಯವರು ದೇವರ ಪಟ ಹಾಕುವ ಗೋಡೆಯ ಮೇಲೆ ನನ್ನ ಡಿಗ್ರಿ ಸರ್ಟಿಫಿಕೇಟು ಗಾಜು ಹಾಕಿಸಿಕೊಂಡು ಕೂತಿದೆ. ಊದುಬತ್ತಿ ಹಚ್ಚುವುದಿಲ್ಲ, ಅಷ್ಟೇ.

ನಮ್ಮ ಮೇಲಿನ ಮನೆಯಲ್ಲಿದ್ದವರು ಕ್ಯಾಪ್ಟನ್ ವಾಲ್ಟರ್. ಮಂಗಳೂರಿನ ಕಡೆಯವರು. ಹೆಂಡತಿ ಫ್ಲಾವಿಯಾ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಕ್ಯಾಪ್ಟನ್ ಯೂನಿಫಾರ್ಮಿನಲ್ಲಿ ಲಿಫ್ಟಿನಿಂದ ಇಳಿದರೆ ವಾಚ್‌ಮನ್ ಕೂಡ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದ. ಒಂದು ದಿನ ಅವರ ಕಂಪನಿ ಹಳೆಯ ವಿಮಾನಗಳನ್ನೆಲ್ಲ ಮಾರಿತು. ಜೊತೆಗೆ ಅವನ್ನು ಹಾರಿಸುತ್ತಿದ್ದವರನ್ನೂ ಮನೆಗೆ ಕಳಿಸಿತು.

ನಾನು ಸಮಾಧಾನ ಹೇಳಲು ಹೋದೆ. "ಬ್ಯಾರೆ ವಿಮಾನ ಹಾರಸ್ರಿ ಸರ, ಆಕಾಶ ಒಂದ ಐತಲ್ರಿ?"

"ಆಕಾಶ ಒಂದೇ ಮಾರಾಯ್ರೆ, ಬಟನ್‌ಗಳು ಬೇರೆ ಬೇರೆ" ಎಂದರು ಕ್ಯಾಪ್ಟನ್.

ಆವತ್ತು ತಿಳಿಯಿತು. ಪೈಲಟ್‌ನಿಗೆ ಲೈಸೆನ್ಸ್ ಇದ್ದರೆ ಸಾಲದು, ದೊಡ್ಡ ವಿಮಾನಗಳಲ್ಲಿ ಒಂದೊಂದು ಜಾತಿಗೂ ಬೇರೆ ತರಬೇತಿ, ಬೇರೆ ಪರೀಕ್ಷೆ. ಅದಕ್ಕೆ ಟೈಪ್ ರೇಟಿಂಗ್ ಅಂತ ಹೆಸರು. ವರ್ಷಗಟ್ಟಲೆ ಸಮುದ್ರ ದಾಟಿಸಿದವರು ಪಕ್ಕದ ವಿಮಾನದ ಮುಂದೆ ಅ ಆ ಇ ಈ ಹಂತದವರು. ನಾನು ಒಳಗೊಳಗೇ ಬೀಗಿದೆ, ಸುಳ್ಳೇಕೆ ಹೇಳಲಿ? ನನ್ನ ಬಿ.ಕಾಂ. ಮೇಲೆ 'ಇಂಥ ಅಂಗಡಿಯ ಲೆಕ್ಕಕ್ಕೆ ಮಾತ್ರ' ಅಂತ ಯಾರೂ ಬರೆದಿರಲಿಲ್ಲ.

ಆ ತರಬೇತಿಯ ಖರ್ಚು ಕೇಳಿದರೆ ನರ್ಸಿನ ಸಂಬಳ ನಾಚಿಕೊಳ್ಳುತ್ತದೆ. ಆಗಲೇ ಊರಿನ ಸರ್ಕಾರದ ಯಾವುದೋ ಇಲಾಖೆ, ಕೆಲಸ ಹೋದ ಪೈಲಟ್‌ಗಳಿಗೆ ಹೊಸ ವಿಮಾನ ಕಲಿಸಲು ಒಂದು ನಿಧಿ ತೆರೆಯಿತು. ಷರತ್ತು ಒಂದೇ: ಅಭ್ಯರ್ಥಿ ಪೂರ್ತಿ ನಿರುದ್ಯೋಗಿ ಆಗಿರಬೇಕು. ಕ್ಯಾಪ್ಟನ್ ಅರ್ಜಿ ಹಾಕಿದರು. ಅವರಿಗೆ ಇದು ಬಿಟ್ಟರೆ ದಾರಿಯಿರಲಿಲ್ಲ. ಕೆಲಸವಿಲ್ಲದಿದ್ದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇಲ್ಲ; ಇಕಾಮಾ ಇಲ್ಲದಿದ್ದರೆ ಫ್ಲಾವಿಯಾ ಇಲ್ಲಿ, ಇವರು ಊರಲ್ಲಿ. ಅದೂ ಅಲ್ಲದೆ, ಬಹಳ ಕಾಲ ಹಾರದೆ ಕೂತ ಪೈಲಟ್‌ನನ್ನು ಯಾವ ಕಂಪನಿಯೂ ಕರೆಯುವುದಿಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದಾಗ ಫ್ಲಾವಿಯಾ ನಮ್ಮ ಮನೆಗೆ ಕೇಕು ಕಳಿಸಿದ್ದರು.

ಇಲ್ಲಿ ನಮ್ಮ ಸಂಘ ಪ್ರವೇಶ ಮಾಡುತ್ತದೆ.

ಪರದೇಶದ ಸಂಘಗಳನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ನಮಗೆ ಯಾರನ್ನಾದರೂ ಸನ್ಮಾನಿಸದಿದ್ದರೆ ಊಟ ಇಳಿಯುವುದಿಲ್ಲ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಸದಾ ಸಿದ್ಧ. ತಲೆ ಸಿಗುವುದೊಂದೇ ಕಷ್ಟ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ನಮ್ಮ ಅಧ್ಯಕ್ಷರಿಗೆ 'ಸರ್ಕಾರ ನಮ್ಮ ಕ್ಯಾಪ್ಟನ್ನರನ್ನು ಆರಿಸಿದೆಯಂತೆ' ಎಂಬಷ್ಟು ಸುದ್ದಿ ಸಾಕಾಯಿತು. ರಾಜ್ಯೋತ್ಸವಕ್ಕೆ ಕ್ಯಾಪ್ಟನ್ನರೇ ಮುಖ್ಯ ಅತಿಥಿ. ಬ್ಯಾನರು ಬಂತು. ಕ್ಯಾಪ್ಟನ್ನರ ಹೆಸರಿನ ಕೆಳಗೆ ದಪ್ಪ ಅಕ್ಷರಗಳಲ್ಲಿ, 'ಅಂತರರಾಷ್ಟ್ರೀಯ ವೈಮಾನಿಕ ಸಲಹೆಗಾರರು'.

"ಇವರು ಯಾರಿಗೆ ಸಲಹೆ ಕೊಡ್ತಾರ್ರಿ ಸರ?" ಎಂದೆ.

"ಏನ್ ಮೇಡಂ ನೀವು! ಶಾಲು ಹೊದ್ಸೋರ ಹೆಸರಿನ ಕೆಳಗೆ ನಿರುದ್ಯೋಗಿ ಅಂತ ಹಾಕಕ್ಕಾಗುತ್ತಾ?" ಎಂದರು ಅಧ್ಯಕ್ಷರು.

ಕ್ಯಾಪ್ಟನ್ ವೇದಿಕೆಗೆ ಬಂದ ಮೇಲೆಯೇ ಆ ಸಾಲು ನೋಡಿದ್ದು. ಅಷ್ಟರಲ್ಲಿ ತಲೆಗೆ ಪೇಟ ಬಿದ್ದಿತ್ತು. ಪೇಟ ಹೊತ್ತವನು ಜಗಳ ತೆಗೆದದ್ದನ್ನು ನಾನಂತೂ ಕಂಡಿಲ್ಲ. ಫೋಟೊ ಫೇಸ್‌ಬುಕ್ಕಿಗೆ ಹೋಯಿತು. ಸ್ವಲ್ಪ ದಿನದಲ್ಲಿ ನಿಧಿಯವರಿಂದ ಉತ್ತರ ಬಂತು, ಅದೇ ಫೋಟೊ ಲಗತ್ತಿಸಿ. ತಾವು ಅಂತರರಾಷ್ಟ್ರೀಯ ಸಲಹೆಗಾರರಾಗಿರುವುದು ಗಮನಕ್ಕೆ ಬಂದಿದೆ, ಆದ್ದರಿಂದ ತಮ್ಮ ಅರ್ಜಿಯನ್ನು ತಡೆಹಿಡಿಯಲಾಗಿದೆ.

ಕ್ಯಾಪ್ಟನ್ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. "ನಾನು ವಿಮಾನ ಹಾರಿಸಿದ್ದು ಹೌದು ಅಂತ ನಂಬ್ಲಿಕ್ಕೆ ಇವರಿಗೆ ಒಂದು ಪೆಟ್ಟಿಗೆ ದಾಖಲೆ ಬೇಕಿತ್ತು. ಇಲ್ಲದ ಕೆಲಸ ಮಾಡ್ತಾ ಇದ್ದೇನೆ ಅಂತ ನಂಬ್ಲಿಕ್ಕೆ ಒಂದು ಫ್ಲೆಕ್ಸ್ ಸಾಕಾಯ್ತು ನೋಡಿ."

'ಬ್ಯಾನರಿನಲ್ಲಿ ಬರೆದದ್ದು ನಿಜವಲ್ಲ' ಎಂದು ಸಂಘದಿಂದ ಒಂದು ಪತ್ರ ಕೊಟ್ಟಿದ್ದರೆ ಮುಗಿಯುತ್ತಿತ್ತು. ಗಂಡ ಹೆಂಡತಿ ಜೊತೆ ನಾನೂ ಅಧ್ಯಕ್ಷರಲ್ಲಿಗೆ ಹೋದೆ.

"ಕೆಲಸ ಇಲ್ದೋರಿಗೆ ಪೇಟ ತೊಡಿಸಿದ್ರು ಅಂತ ಜನ ಆಡ್ಕೊಳಲ್ವಾ? ಸಂಘದ ಮರ್ಯಾದೆ ನೋಡ್ಬೇಕಲ್ಲ ಸಾರ್" ಎಂದರು ಅವರು.

ಫ್ಲಾವಿಯಾ ಎದ್ದೇಬಿಟ್ಟರು. "ನಿಮ್ಮ ಮರ್ಯಾದೆ ಉಳಿಸ್ಲಿಕ್ಕೆ ನನ್ನ ಗಂಡ ನೆಲದಲ್ಲೇ ಇರಬೇಕಾ? ಹಾಗಾದ್ರೆ ನಿಮ್ಮ ಪೇಟ ನೀವೇ ಇಟ್ಕೊಳ್ಳಿ."

ಸಂಕ್ರಾಂತಿ ಕೂಟದಲ್ಲಿ ಮಕ್ಕಳ ನೃತ್ಯ ಮುಗಿದು ಲಕ್ಕಿ ಡ್ರಾ ಶುರುವಾಗಬೇಕಿತ್ತು. ಸಭಾಂಗಣ ಭರ್ತಿಯಾಗುವ ಏಕೈಕ ಗಳಿಗೆ ಅದು. ಕ್ಯಾಪ್ಟನ್ ನೇರ ವೇದಿಕೆ ಹತ್ತಿ ನನ್ನೆದುರು ಕೈ ಚಾಚಿದರು. ಮೈಕು ಕೊಟ್ಟೆ. ಮುಂದಿನ ಸಾಲಿನಲ್ಲಿ ಫ್ಲಾವಿಯಾ ಮೊಬೈಲ್ ಎತ್ತಿ ಹಿಡಿದರು.

"ನಮಸ್ಕಾರ. ನಾನು ವಾಲ್ಟರ್. ನಾನು ಯಾರಿಗೂ ಸಲಹೆಗಾರ ಅಲ್ಲ. ಬ್ಯಾನರಿನಲ್ಲಿ ಹಾಕಿದ್ದು ಪ್ರೀತಿಯಿಂದ ಹಾಕಿದ್ದು, ಆದರೆ ಸುಳ್ಳು. ಕೆಲಸ ಹೋದ ಪೈಲಟ್‌ಗಳಿಗೆ ಹೊಸ ವಿಮಾನ ಕಲಿಸುವ ಸರ್ಕಾರದ ಫಂಡಿಗೆ ಅರ್ಜಿ ಹಾಕಿದ್ದೇನೆ, ಯಾಕಂದ್ರೆ ನನಗೆ ಕೆಲಸ ಇಲ್ಲ. ನಾನು ನಿರುದ್ಯೋಗಿ."

ವೇದಿಕೆಯ ಮೇಲೆ ಯಾರು ಏನು ಹೇಳಿ ಮುಗಿಸಿದರೂ ನಮ್ಮವರಿಗೆ ಒಂದೇ ರೂಢಿ. ಜೋರು ಚಪ್ಪಾಳೆ.

ಚಪ್ಪಾಳೆ ನಿಂತಾಗ ಹಿಂದಿನಿಂದ ಒಬ್ಬ ಎದ್ದು ನಿಂತ. ಇಸ್ಮಾಯಿಲ್, ಇಲ್ಲಿಯ ಮಂಗಫ್ ಪ್ರದೇಶದಿಂದ ಬಂದವನು, ಕ್ರೇನ್ ನಡೆಸುತ್ತಿದ್ದವನು. "ಸಾರ್, ನಂದೂ ಹೋಗಿದೆ. ಈ ಫಂಡ್ ಕ್ರೇನಿನವರಿಗೂ ಉಂಟಾ?"

ಜನ ನಕ್ಕರು. ಅವನು ನಗಲಿಲ್ಲ. "ನನ್ನ ಸರ್ಟಿಫಿಕೇಟ್ ಸಣ್ಣ ಕ್ರೇನಿಂದು. ಈಗ ಕಂಪನಿಗೆ ದೊಡ್ಡದು ಬಂತು. ಕಲ್ತು ಬಾ ಅಂತಾರೆ. ಎಲ್ಲಿ ಕಲಿಯುದು, ಯಾರ ದುಡ್ಡಲ್ಲಿ?"

"ಯಲ್ಲಾ ಯಲ್ಲಾ, ಬೇಗ ಬೇಗ, ಲಕ್ಕಿ ಡ್ರಾ!" ಎಂದು ಅಧ್ಯಕ್ಷರು ಮೈಕಿಲ್ಲದೆಯೇ ಕೂಗಿದರು.

ಊಟದ ಹೊತ್ತಿಗೆ ಕ್ಯಾಪ್ಟನ್ ತಟ್ಟೆ ಹಿಡಿದು ಇಸ್ಮಾಯಿಲ್ ಪಕ್ಕ ಕೂತಿದ್ದರು. "ನಮ್ಮಿಬ್ಬರದ್ದೂ ಒಂದೇ ಕಾಯಿಲೆ ಮಾರಾಯ. ಮದ್ದು ಮಾತ್ರ ಎತ್ತರದಲ್ಲಿ ಕೆಲಸ ಮಾಡುವವರಿಗೆ."

"ನಾನು ಕೂತದ್ದೂ ಎತ್ತರದಲ್ಲೇ ಸಾರ್" ಎಂದು ಇಸ್ಮಾಯಿಲ್ ಬಿಸಿಬೇಳೆ ಬಾತ್ ಕಲಸಿದ.

ವಿಡಿಯೊ ನಿಧಿಯವರಿಗೆ ಹೋಯಿತು, ಅರ್ಜಿ ಮಂಜೂರಾಯಿತು. ಚಪ್ಪಾಳೆಯ ಸಾಕ್ಷಿಯ ಮೇಲೆ ಸರ್ಕಾರ ಒಬ್ಬನ ನಿರುದ್ಯೋಗವನ್ನು ಒಪ್ಪಿದ್ದು ಬೇರೆಲ್ಲಾದರೂ ಇದ್ದರೆ ಹೇಳಿ. ಕ್ಯಾಪ್ಟನ್ ಈಗ ಸರಕು ವಿಮಾನವೊಂದರಲ್ಲಿ, ತಮಗಿಂತ ಕಿರಿಯನೊಬ್ಬನ ಪಕ್ಕದ ಸೀಟಿನಲ್ಲಿ ಹಾರುತ್ತಾರೆ. ಹಾರುತ್ತಾರೆ, ಅದು ಮುಖ್ಯ. ಇಸ್ಮಾಯಿಲ್ ಪರವಾಗಿ ನಾನೇ ಅದೇ ಇಲಾಖೆಗೆ, ನನ್ನ ಬಿ.ಕಾಂ. ಇಂಗ್ಲಿಷನ್ನೆಲ್ಲ ಸುರಿದು ಬರೆದೆ. ನಿಧಿ ವಿಮಾನದವರಿಗೆ ಮಾತ್ರ ಎಂದು ಉತ್ತರ ಬಂತು. ಅವನು ಒಂದು ದಿನ ಫೋನ್ ಮಾಡಿ, "ಖಲಾಸ್ ಮೇಡಂ, ಊರಿಗೆ ಹೊರಟೆ" ಎಂದ. ಅಪ್ಪ ದುಡಿಯುತ್ತಿದ್ದ ಗೋಡೌನಿಗೆ ಚೀಲ ಎತ್ತುವ ಯಂತ್ರ ಬಂದಾಗಲೂ ಹಮಾಲರಿಗೆ 'ನಾಳೆಯಿಂದ ಬರಬೇಡಿ' ಅಂದಿದ್ದರೇ ಹೊರತು, 'ಇದನ್ನು ನಡೆಸಲು ಕಲಿಯುತ್ತೀರಾ' ಎಂದು ಯಾರೂ ಕೇಳಿರಲಿಲ್ಲ. ಅವರು ಹಾಗೆ ಕೇಳಬಹುದಿತ್ತು ಎಂದು ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ.

ಈ ಸಲದ ಕಾರ್ಯಕ್ರಮಕ್ಕೆ ಊರಿನಿಂದ ಒಬ್ಬ ಸರ್ಕಾರಿ ಅಧಿಕಾರಿ ಬರುತ್ತಿದ್ದಾರೆ. ಅಧ್ಯಕ್ಷರು, "ಕ್ಯಾಪ್ಟನ್ನರನ್ನೂ ಕರೀರಿ ಮೇಡಂ, ಈಗ ಅವರು ನಿಜವಾಗ್ಲೂ ಹಾರ್ತಿದ್ದಾರಲ್ಲ" ಎಂದರು. ಫೋನ್ ಮಾಡಿದೆ.

"ಬರ್ತೇನೆ. ಆದ್ರೆ ಇಸ್ಮಾಯಿಲ್ ಕೇಳಿದ್ದಕ್ಕೆ ಉತ್ತರ ಎಂತ ಅಂತ ಆ ಅಧಿಕಾರಿಯನ್ನು ಸ್ಟೇಜಿನಲ್ಲೇ ಕೇಳ್ತೇನೆ. ಮೊದ್ಲೇ ಹೇಳಿಡಿ."

ಹೇಳಿದೆ. ಅಧ್ಯಕ್ಷರು ಮೊಬೈಲಿನಲ್ಲಿ ಹೆಸರುಗಳನ್ನು ಸರಿಸುತ್ತ, "ಒಬ್ಬರು ಒಳ್ಳೇ ಡೆಂಟಿಸ್ಟ್ ಇದ್ದಾರೆ ಮೇಡಂ, ಅವರನ್ನೇ ಕರೆಯೋಣ" ಎಂದರು.

ಶುಕ್ರವಾರ ಡೆಂಟಿಸ್ಟರಿಗೂ ಅಧಿಕಾರಿಗೂ ಸ್ವಾಗತ ಕೋರುವವಳು ನಾನು. ಸ್ವಾಗತ ಮುಗಿದ ಮೇಲೆ, ಅಧಿಕಾರಿಯ ಕಡೆ ತಿರುಗಿ, ಇಸ್ಮಾಯಿಲ್ ಕೇಳಿದ್ದನ್ನು ಅವನ ಮಾತಿನಲ್ಲೇ ಕೇಳುತ್ತೇನೆ. ಅಧ್ಯಕ್ಷರಿಗೆ ಹೇಳಿಲ್ಲ. ನಿಮಗಷ್ಟೇ ಹೇಳಿದ್ದೇನೆ.