ವ್ಯಾನ್ ಮಾಮನ ಕಣ್ಣೀರಿನ ಲೆಕ್ಕ

ಕಾಲೇಜಿನ ಗೇಟಿನ ಒಳಗಿಂದ ಮೊದಲು ಕೇಳಿಸಿದ್ದು ಯಾರೋ ಜೋರಾಗಿ ಮೂಗು ಸೀಟಿದ ಸದ್ದು. ಹೊರಗೆ ನಿಲ್ಲಿಸಿದ್ದ ವ್ಯಾನಿನ ಹಿಂದಿನ ಸೀಟಿನಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ ವ್ಯಾನ್ ಮಾಮ ತಟ್ಟನೆ ಎದ್ದು ಕೂತ. ಆ ಸದ್ದು ಅವನ ಕಿವಿಗೆ ಕೊಳಲಿನಷ್ಟು ಇಂಪಾಗಿತ್ತು. ಕೆಮಿಸ್ಟ್ರಿ ಪರೀಕ್ಷೆ ಮುಗಿದಿತ್ತು, ಒಳಗೆ ಯಾರೋ ಚೆನ್ನಾಗಿ ಬರೆದಿದ್ದರು.

ಮಕ್ಕಳನ್ನು ಪರೀಕ್ಷೆಗೆ ಕರೆತಂದು ಮತ್ತೆ ಮನೆಗೆ ಮುಟ್ಟಿಸುವುದು ಅವನ ಕಸುಬು. ವ್ಯಾನಿನ ಒಳಗನ್ನಡಿಯನ್ನು ಅವನು ಹಿಂದಿನ ರಸ್ತೆ ಕಾಣುವಂತೆ ಇಟ್ಟುಕೊಂಡಿರಲಿಲ್ಲ, ಮಕ್ಕಳ ಮುಖ ಕಾಣುವಂತೆ ಬಗ್ಗಿಸಿಕೊಂಡಿದ್ದ. ವರ್ಷಗಟ್ಟಲೆ ಆ ಕನ್ನಡಿ ನೋಡಿ ನೋಡಿ ಅವನಿಗೊಂದು ಸತ್ಯ ಹೊಳೆದಿತ್ತು: ಪರೀಕ್ಷೆ ಬರೆದು ಅಳುತ್ತ ಹತ್ತಿದವರು ಪಾಸು, ನಗುತ್ತ ಹತ್ತಿದವರು ಡುಮ್ಕಿ. ದಾರಿಯುದ್ದಕ್ಕೂ ಗೋಳೋ ಎಂದು ಅತ್ತು ಸೀಟಿನ ಕವರ್ ನೆನೆಸಿದ್ದ ಹುಡುಗಿ ಈಗ ಹಲ್ಲಿನ ಡಾಕ್ಟರು. ಮಾಮನ ದವಡೆ ಹಲ್ಲು ಕಿತ್ತವಳು ಅವಳೇ. ಸಿಳ್ಳೆ ಹಾಕುತ್ತ ಹತ್ತಿದ್ದ ಹುಡುಗ ಮರುವರ್ಷವೂ ಅದೇ ಸೀಟಿನಲ್ಲಿ ಕೂತು, ಅದೇ ಪರೀಕ್ಷೆಗೆ, ಅದೇ ಸಿಳ್ಳೆ ಹಾಕುತ್ತ ಬಂದಿದ್ದ.

"ಮಕ್ಕಳು ಯಾವಾಗ ಅಳ್ತಾರೆ ಅಂತ ಕಾಯ್ತಾ ಕೂರೋ ಗಂಡಸನ್ನ ನಾನೆಲ್ಲೂ ನೋಡಿಲ್ಲ" ಎಂದು ಹೆಂಡತಿ ಮೂತಿ ತಿರುವುತ್ತಿದ್ದಳು. ಆದರೆ ಕಳೆದ ವರ್ಷ ಅವರ ಮಗಳೇ ನಗುನಗುತ್ತ ಬಂದು ವ್ಯಾನ್ ಹತ್ತಿದ್ದಳು. ಫಲಿತಾಂಶದ ದಿನ ಕೆಮಿಸ್ಟ್ರಿ ಕೈಕೊಟ್ಟಿತು, ನರ್ಸಿಂಗ್ ಸೀಟು ತಪ್ಪಿತು. ಅಲ್ಲಿಂದ ಹೆಂಡತಿಯೂ ಬಾಯಿ ಬಿಡಲಿಲ್ಲ. ಈ ಸಲವೂ ಹೋದರೆ ಮತ್ತೆ ಬರೆಯುವುದಿಲ್ಲ ಎಂದು ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮೂಗು ಸೀಟಿದವಳು ಹೊರಗೆ ಬಂದಳು. ತರಗತಿಗೇ ಮೊದಲಿಗಳು, ದಪ್ಪ ಗಾಜಿನ ಕನ್ನಡಕ, ಎಲ್ಲರ ಬಾಯಲ್ಲೂ ಸೋಡಾಬುಡ್ಡಿ.

"ಎಲ್ಲ ಹೋಯ್ತು ಮಾಮ."

"ಒಳ್ಳೇದಾಯ್ತು ಬಿಡಮ್ಮ" ಎಂದು ಮಾಮ ಬಾಗಿಲು ತೆರೆದ. ಆ ಬಾಗಿಲು ಕೆಳಗಡೆ ಒಂದು ಒದೆ ಕೊಟ್ಟರಷ್ಟೇ ತೆರೆಯುತ್ತಿತ್ತು.

ಅವಳ ಹಿಂದೆ ಬಿಸ್ಕತ್ತು ತಿನ್ನುತ್ತ ಅದೇ ವ್ಯಾನಿನ ಇನ್ನೊಬ್ಬ ಹುಡುಗ ಗುಂಡ ಬಂದ. ಗುಂಡನ ಹಿಂದೆ, ಮುಖ ಕಾಣುವ ಮೊದಲೇ, ಒಂದು ನಗು ಕೇಳಿಸಿತು. ಆ ನಗು ಮಾಮನ ಮನೆಯದೇ.

"ಹೇಗಿತ್ತು ಮಗಳೇ?"

"ಚೆನ್ನಾಗಿತ್ತಪ್ಪ."

"ಚೆನ್ನಾಗಿತ್ತಾ?" ಮಾಮನ ದನಿ ಪಾತಾಳಕ್ಕಿಳಿಯಿತು. "ಒಂಚೂರೂ ಕಷ್ಟ ಆಗ್ಲಿಲ್ವಾ?"

ವ್ಯಾನ್ ಹೊರಟಿತು. ಉತ್ತರಗಳು ಕಿವಿಗೆ ಬೀಳಲೆಂದು ಮಾಮ ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ.

"ಆಮ್ಲಕ್ಕೆ ಫಿನಾಫ್ತಲೀನ್ ಬಿಟ್ರೆ ಯಾವ ಬಣ್ಣ ಅಂತ ಕೇಳಿದ್ರಲ್ಲ, ನಾನು ಗುಲಾಬಿ ಹಾಕ್ದೆ" ಎಂದ ಗುಂಡ.

"ಬಣ್ಣಾನೇ ಬರಲ್ಲ ಅಂತ ನಾನು ಹಾಕ್ದೆ" ಎಂದು ಸೋಡಾಬುಡ್ಡಿ ಬಿಕ್ಕಿದಳು. "ಅದೂ ತಪ್ಪಿರುತ್ತೆ."

"ನಾನೂ ಅದನ್ನೇ ಹಾಕಿದ್ದು" ಎಂದಳು ಮಗಳು. "ಹೋದ ವರ್ಷ ಲ್ಯಾಬಲ್ಲಿ ಗುಲಾಬಿ ಬರುತ್ತೆ ಅಂತ ಕಾದಿದ್ದೇ ಕಾದಿದ್ದು. ಮೇಡಂ ಬಂದು, ಅದೇನು ಬಸ್ಸಾ, ಲೇಟಾಗಿ ಬರೋಕೆ ಅಂದ್ರು. ಗುಂಡ, ನೀನ್ಯಾಕೋ ಗುಲಾಬಿ ಹಾಕ್ದೆ?"

"ನೋಡೋಕೆ ಚೆನ್ನಾಗಿರುತ್ತೆ ಅಂತ. ಹೋಗ್ಲಿ, ಕಬ್ಬಿಣ ತುಕ್ಕು ಹಿಡಿದ್ರೆ ತೂಕ ಕಡಿಮೆ ಆಗುತ್ತೆ ತಾನೇ?"

"ಜಾಸ್ತಿ ಆಗುತ್ತೆ" ಎಂದರು ಇಬ್ಬರೂ ಒಟ್ಟಿಗೆ. ಒಬ್ಬಳು ಅಳುತ್ತ, ಒಬ್ಬಳು ನಗುತ್ತ.

"ಅದ್ಹೇಗೆ? ಮಾಮನ ವ್ಯಾನನ್ನೇ ನೋಡ್ರೇ. ದಿನಾ ಉದುರ್ತಾ ಇದೆ."

ಮಾಮ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವನ ತಲೆ ಬೇರೆ ಕಡೆ ಓಡುತ್ತಿತ್ತು. ಮುಂದಿನ ಪ್ರಶ್ನೆಗೂ ಇಬ್ಬರ ಉತ್ತರ ಒಂದೇ, ಅದರ ಮುಂದಿನದಕ್ಕೂ ಒಂದೇ. ಅಂದಮೇಲೆ ಮಗಳಲ್ಲಿ ಕೊರತೆ ಇದ್ದದ್ದು ಕಣ್ಣೀರೊಂದರದೇ. ಅದನ್ನು ಮನೆ ಸೇರುವುದರೊಳಗೆ ಹೇಗಾದರೂ ಸರಿಮಾಡಬೇಕಿತ್ತು.

"ನಮ್ಮ ಕಂದು ನಾಯಿ ನೆನಪಾಗುತ್ತೆ ಮಗಳೇ" ಎಂದ. "ಪಾಪ, ನಮ್ಮನ್ನ ಬಿಟ್ಟು ಹೋಯ್ತು."

"ಎಲ್ಲಿಗೆ ಹೋಯ್ತು? ಪಕ್ಕದ ಬೀದಿ ಸೇರ್ಕೊಂಡಿದೆ. ಅಲ್ಲಿ ಊಟ ಚೆನ್ನಾಗಿದೆಯಂತೆ."

"ನಿಮ್ಮಜ್ಜಿಗೂ ವಯಸ್ಸಾಯ್ತು. ಇವತ್ತು ಇದ್ದಂಗೆ ನಾಳೆ ಇರಲ್ಲ."

"ಬೆಳಿಗ್ಗೆ ಚೆನ್ನಾಗಿ ಬರಿ ಅಂತ ಬೆನ್ನಿಗೆ ಗುದ್ದಿ ಕಳ್ಸಿದ್ದಾಳೆ. ಇನ್ನೂ ನೋಯ್ತಾ ಇದೆ."

ಮಾಮ ತರಕಾರಿ ಗಾಡಿಯ ಮುಂದೆ ಬ್ರೇಕ್ ಹಾಕಿದ. ಒಂದು ಚೀಲ ಈರುಳ್ಳಿ ತಂದು, ಹಗ್ಗ ಕೊಯ್ಯುವ ಚಾಕುವಿನ ಸಮೇತ ಮಗಳ ಮಡಿಲಿಗಿಟ್ಟ. "ಹೆಚ್ಚು. ಅಮ್ಮ ಹೇಳಿದ್ಲು, ಹೆಚ್ಕೊಂಡೇ ತರ್ಬೇಕಂತೆ."

"ವ್ಯಾನಲ್ಲಾ?"

"ಟೈಮ್ ಉಳಿಯುತ್ತೆ."

ಮಗಳು ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಟಲಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡು, ಪರೀಕ್ಷೆಗೆ ಒಯ್ದಿದ್ದ ರಟ್ಟನ್ನು ತೊಡೆಯ ಮೇಲಿಟ್ಟು, ಕೆನ್ನೆ ಉಬ್ಬಿಸಿಕೊಂಡೇ ಹೆಚ್ಚತೊಡಗಿದಳು. ಕಣ್ಣು ಉರಿಯದಿರಲೆಂದು ಅಡುಗೆಮನೆಯಲ್ಲಿ ಅವಳ ಅಮ್ಮ ಮಾಡುತ್ತಿದ್ದುದೂ ಅದನ್ನೇ.

ವ್ಯಾನ್ ಮತ್ತೆ ಹೊರಟಿತು. ಅದರ ಕಿಟಕಿಗಳು ಬೆರಳಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಮೊದಲು ಗುಂಡನ ಕಣ್ಣಲ್ಲಿ ನೀರು ಕಿತ್ತುಬಂತು.

"ಇದ್ರಲ್ಲಿ ಗಂಧಕ ಇರುತ್ತೆ ಕಣೇ" ಎಂದ, ಬಿಸ್ಕತ್ತಿನ ಕಾಗದದಲ್ಲಿ ಕಣ್ಣೊರೆಸಿಕೊಳ್ಳುತ್ತ.

"ಗಂಧಕಾನಾ? ಅದೂ ಪೇಪರಲ್ಲಿ ಬಂದಿತ್ತಾ?" ಸೋಡಾಬುಡ್ಡಿ ಮತ್ತೆ ಹೊಸದಾಗಿ ಶುರುಮಾಡಿದಳು.

ರಸ್ತೆ ಮಸುಕಾಯಿತು. ಎದುರಿನ ಸ್ಕೂಟರು ಎರಡಾಗಿ ಕಂಡಾಗ ಮಾಮ ವ್ಯಾನನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಕನ್ನಡಿಯಲ್ಲಿ ಎಲ್ಲರ ಮುಖವೂ ಒದ್ದೆ, ಮಗಳದೊಂದನ್ನು ಬಿಟ್ಟು.

ಅವಳು ಗುಟಕ್ಕನೆ ನೀರು ನುಂಗಿದಳು.

"ಅಪ್ಪ, ನಾನು ಅಳ್ಬೇಕು ಅಂತ ತಾನೇ ಇಷ್ಟೆಲ್ಲಾ?"

"ಹೋದ ವರ್ಷ ನಗ್ತಾ ಬಂದೆಯಲ್ಲೇ ಮಗಳೇ. ಏನಾಯ್ತು ನೋಡು."

"ಹೋದ ವರ್ಷ ಒಳಗೆ ನಲ್ಲಿ ಹತ್ರ ನಿಂತು ಹೊಟ್ಟೆ ತುಂಬ ಅತ್ತು, ಮುಖ ತೊಳ್ಕೊಂಡು ಬಂದಿದ್ದೆ. ಗೇಟ್ ಹತ್ರ ನೋಡಿದ್ರೆ ನೀನು ಕೊಕ್ಕರೆ ಹಾಗೆ ಕತ್ತು ಉದ್ದ ಮಾಡ್ಕೊಂಡು ನಿಂತಿದ್ದೆ. ನಿನ್ನ ಮುಂದೆ ಹೇಗೆ ಅಳ್ಲಿ? ನಕ್ಕುಬಿಟ್ಟೆ."

ಮಾಮ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಸೋಡಾಬುಡ್ಡಿ ಕೂಡ ಅಳುವುದನ್ನು ಮರೆತು ಕೂತಿದ್ದಳು.

"ಅಂದ್ರೆ ಹೋದ ವರ್ಷ ನೀನು ಅತ್ತಿದ್ದೆ."

"ಹೂಂ."

"ಅತ್ತೂ ಹೋಯ್ತು."

"ಹೂಂನಪ್ಪ."

"ಮತ್ತೆ ಈ ಸಲ?"

"ಈ ಸಲ ಅಳೋಕೆ ಪುರುಸೊತ್ತೇ ಸಿಗ್ಲಿಲ್ಲ. ಉತ್ತರ ಗೊತ್ತಿತ್ತು, ಗುರುತು ಹಾಕ್ತಾ ಹೋದೆ."

ಮಾಮ ಕನ್ನಡಿಯನ್ನು ರಸ್ತೆಯ ಕಡೆ ತಿರುಗಿಸಲೆಂದು ಕೈ ಚಾಚಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡ. ಟವೆಲಿನಿಂದ ಕಣ್ಣೊರೆಸಿಕೊಂಡ. ಆ ನೀರಿಗೂ ಈರುಳ್ಳಿಗೂ ಸಂಬಂಧವಿರಲಿಲ್ಲ. ಉಳಿದ ಈರುಳ್ಳಿಯ ಚೀಲವನ್ನು ಮಗಳ ಮಡಿಲಿಂದ ಎತ್ತಿಕೊಂಡು, ವಾಪಸು ಕೊಡಲೆಂದು ಕೆಳಗಿಳಿದ.

"ಮಾಮ, ಒಂದ್ನಿಮಿಷ" ಎಂದು ಗುಂಡ ಕಿಟಕಿಯ ಸಂದಿಗೆ ಬಾಯಿ ತಂದ. "ನಾನೂ ಈಗ ಅತ್ತೆನಲ್ಲ. ಅದು ಲೆಕ್ಕಕ್ಕಿದೆಯಾ? ಪೂರ್ತಿ ಬೇಡ, ಗುಲಾಬಿ ಪ್ರಶ್ನೆಗಾದ್ರೂ..."

ಮಾಮ ಆಗಲೇ ಚೀಲ ಹೆಗಲಿಗೇರಿಸಿಕೊಂಡು, ಹಿಂತಿರುಗಿ ನೋಡದೆ, ಹಿಂದೆ ಬಿಟ್ಟುಬಂದಿದ್ದ ತರಕಾರಿ ಗಾಡಿಯ ಕಡೆ ನಡೆದುಬಿಟ್ಟಿದ್ದ.