ಸದ್ದಿಲ್ಲದ ಮೋಟರು

ಭಂಕೂರದ ನಮ್ಮ ಕಲ್ಲುಗಣಿಯಲ್ಲಿ ನೀರು ಒಸರುತ್ತಲೇ ಇರುತ್ತದೆ, ಮೋಟರು ಅದನ್ನು ಎತ್ತಿ ಹೊರಗೆ ಹಾಕುತ್ತಲೇ ಇರುತ್ತದೆ. ಹೀಗಾಗಿ ನೆಲ ಒಣಗಿದೆಯೆಂದು ನಾವು ನೆಮ್ಮದಿಯಾಗಿರುವವರಲ್ಲ. ಮೋಟರಿನ ಸದ್ದು ಭಾರವಾದರೆ ಒರತೆ ಹೆಚ್ಚಿದೆ ಎಂದೇ ಅರ್ಥ.

ಕಳೆದ ವರ್ಷ ಶಹಾಬಾದಿನ ಡಾಕ್ಟರು ನನ್ನ ರಕ್ತದ ವರದಿ ನೋಡಿ, "ಸಕ್ಕರಿ ಸರಿ ಅದರಿ. ಆದರ ಇನ್ಸುಲಿನ್ ಭಾಳ ಅದ," ಅಂದರು. ಸಕ್ಕರೆ ಸರಿಯಿದ್ದ ಮೇಲೆ ಇನ್ನೇನು ತಕರಾರು ಎಂದು ನಾನು ರೇಗಿದೆ.

"ಸಕ್ಕರಿ ಸರಿ ಇಡ್ಲಿಕ್ಕೇ ಹೊಟ್ಯಾಗಿನ ಗ್ರಂಥಿ ಅಷ್ಟು ಇನ್ಸುಲಿನ್ ಸುರಿಲಿಕತ್ತದ. ಅದು ದಣಿದರ ಮುಂದ ಶುಗರ್ ಬರ್ತದ," ಅಂದರು.

ಗಣಿಯ ಆಚೆ ತುದಿಯಿಂದಲೇ ಮೋಟರಿನ ದಣಿವು ಹಿಡಿಯುವ ಕಿವಿ ನನ್ನದು. ಪ್ರತಿ ಚಹಾಕ್ಕೂ ಪ್ರತಿ ಹೋಳಿಗೆಗೂ ನನ್ನೊಳಗೆ ಓಡುತ್ತಿದ್ದದ್ದು ಇಷ್ಟು ವರ್ಷ ಒಮ್ಮೆಯೂ ಕೇಳಿಸಿರಲಿಲ್ಲ.