ಹೊರಗಿನಿಂದ ತೆರೆಯದ ಬಾಗಿಲು

ದುಬೈನ ಅಲ್ ಕುಸೈಸ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಉಡುಪಿಯವರೊಬ್ಬರು ಪ್ರತಿ ಶನಿವಾರ ತಮ್ಮ ಮನೆಯಲ್ಲಿ ಕ್ವಿಜ್ ನಡೆಸುತ್ತಿದ್ದರು. ಕೇಳುತ್ತಿದ್ದುದು ಬ್ರಿಟಿಷ್ ಪ್ರಧಾನಿಗಳ ಬಗ್ಗೆ ಮಾತ್ರ. ಪಾರ್ಲಿಮೆಂಟಿನೊಳಗೇ ಗುಂಡೇಟಿಗೆ ಸತ್ತ ಪ್ರಧಾನಿ ಯಾರು? ನಾವು ತಡವರಿಸಿದರೆ ಕನ್ನಡಕವನ್ನು ಹಣೆಗೇರಿಸಿ, "ಅರ್ಜೆಂಟ್ ಎಂತದು ಮಾರಾಯ್ರೆ? ಯೋಚನೆ ಮಾಡಿ ಹೇಳಿ" ಎನ್ನುತ್ತಿದ್ದರು. ಕೊನೆಯ ಪ್ರಶ್ನೆ ಪ್ರತಿ ವಾರವೂ ಒಂದೇ: ಪ್ರಧಾನಿಗೆ ತನ್ನ ಮನೆಯ ಕೀ ಏಕೆ ಬೇಡ? ಲಂಡನ್ನಿನ ಆ ಮನೆಯ ಕಪ್ಪು ಬಾಗಿಲು ಹೊರಗಿನಿಂದ ತೆರೆಯುವುದೇ ಇಲ್ಲ. ಒಳಗೆ ಸದಾ ಒಬ್ಬರು ಕಾದಿರುತ್ತಾರೆ. ಈ ಉತ್ತರ ಹೇಳುವ ಹಕ್ಕು ಅವರ ಹೆಂಡತಿಯದು.

ಆಕೆ ತೀರಿಕೊಂಡ ಮೇಲೆ ಅವರು ಒಬ್ಬರೇ ಉಳಿದರು. ಕ್ವಿಜ್ ನಿಲ್ಲಲಿಲ್ಲ. ಕೊನೆಯ ಪ್ರಶ್ನೆ ಕೇಳಿ, ಆಕೆ ಕೂರುತ್ತಿದ್ದ ಖಾಲಿ ಕುರ್ಚಿಯತ್ತ ನೋಡಿ, "ಸರಿ ಉತ್ತರ" ಎಂದು ತಲೆಯಾಡಿಸುತ್ತಿದ್ದರು.

ಒಂದು ಸಂಜೆ ನಾನೂ ಅವರೂ ಒಟ್ಟಿಗೆ ಲಿಫ್ಟಿನಿಂದ ಹೊರಬಂದೆವು. ಅವರು ತಮ್ಮದೇ ಮನೆಯ ಬೆಲ್ ಒತ್ತಿ, ಕೈಕಟ್ಟಿ ನಿಂತರು.

"ಕೀ ಮರೆತ್ರಾ ಸರ್? ವಾಚ್‌ಮನ್‌ನ ಕರೀಲಾ?" ಎಂದೆ.

"ಕೀ ಎಂತಕ್ಕೆ?"

"ಮತ್ತೆ ಒಳಗೆ ಯಾರಿದ್ದಾರೆ?"

ಅವರು ಕನ್ನಡಕವನ್ನು ಹಣೆಗೇರಿಸಿದರು. "ಅರ್ಜೆಂಟ್ ಎಂತದು ಮಾರಾಯ್ರೆ? ಯೋಚನೆ ಮಾಡಿ ಹೇಳಿ."

ನಾನು ಯೋಚಿಸುತ್ತಿರುವಾಗಲೇ, ಒಳಗಿನಿಂದ ಚಿಲಕ ಸರಿದ ಸದ್ದಾಯಿತು.